ಕಾಣದ ಕುಳಿಯಲ್ಲಿ ಓಡಾಟ

ಡೊನಾವ್‌ವೋರ್ತ್ ನಿಲ್ದಾಣದಲ್ಲಿ ನಾವು ಹಿಡಿಯಬೇಕಿದ್ದ ಸಣ್ಣ ರೈಲು ನಮ್ಮ ಕಣ್ಣೆದುರೇ ಬಾಗಿಲು ಮುಚ್ಚಿಕೊಂಡು ಹೊರಟುಬಿಟ್ಟಿತು. ಮ್ಯೂನಿಕ್ಕಿನಿಂದ ನಮ್ಮನ್ನು ತಂದ ದೊಡ್ಡ ರೈಲು ತಡವಾಗಿತ್ತು. ಜರ್ಮನಿಯ ರೈಲು ನೋಡಿ ಗಡಿಯಾರ ತಿದ್ದಿಕೊಳ್ಳಬಹುದು ಎಂದು ಮೈಸೂರಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಬಂದವಳು ನಾನು. "ಅದೆಲ್ಲ ಹಳೇ ಕಾಲದ ಮಾತು ದೊಡ್ಡಮ್ಮ, ಇಲ್ಲೂ ಈಗ ನಮ್ಮ ಥರಾನೇ," ಎಂದ ನನ್ನ ತಂಗಿಯ ಮಗ ಸುಹಾಸ. ಮ್ಯೂನಿಕ್ಕಿನಲ್ಲಿ ಕೆಲಸಕ್ಕಿರುವ ಅವನಿಗೆ ಇದರಲ್ಲಿ ಬೇಸರವೂ ಇಲ್ಲ, ಆಶ್ಚರ್ಯವೂ ಇಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಇಡ್ಲಿ ವಡೆ ಮುಗಿಸಿ ಎರಡನೇ ಕಾಫಿಗೆ ಕೈಹಾಕಿರುತ್ತಿದ್ದೆವು. ಇಲ್ಲಿರುವುದು ಒಂದು ಯಂತ್ರ. ನಾಣ್ಯ ನುಂಗಿತು, ಏನನ್ನೂ ಕೊಡಲಿಲ್ಲ.

ಮುಂದಿನ ಗಾಡಿ ಬಂತು. ವೋರ್ನಿಟ್ಸ್ ಎಂಬ ಪುಟ್ಟ ನದಿಯ ಜೊತೆಜೊತೆಗೇ ಉತ್ತರಕ್ಕೆ ಹೊರಟಿತು. ಎರಡೂ ಬದಿಗೆ ಕಾಡು ತುಂಬಿದ ಸುಣ್ಣಕಲ್ಲಿನ ಗುಡ್ಡಗಳು ಒತ್ತಿಕೊಂಡು ನಿಂತಿವೆ. ಹಾರ್‌ಬುರ್ಗ್ ಬಂದಾಗ ಗುಡ್ಡದ ನೆತ್ತಿಯಲ್ಲೊಂದು ಕೋಟೆ ಕಂಡಿತು. ಫೋಟೊ ತೆಗೆಯೋಣವೆಂದು ಫೋನ್ ಎತ್ತುವಷ್ಟರಲ್ಲಿ ಗಾಡಿ ಆ ಕೋಟೆಯ ಗುಡ್ಡದೊಳಗಿನ ಸುರಂಗಕ್ಕೇ ನುಗ್ಗಿತು. ನನ್ನ ಫೋಟೊದಲ್ಲಿ ಸಿಕ್ಕಿದ್ದು ಕಿಟಕಿಯ ಗಾಜಿನಲ್ಲಿ ಮೂಡಿದ ನನ್ನದೇ ಮುಖ. ಕತ್ತಲು ಕಳೆದು ಹೊರಬಿದ್ದು ಸ್ವಲ್ಪ ದೂರ ಹೋದರೆ ಗುಡ್ಡಗಳು ಇದ್ದಕ್ಕಿದ್ದಂತೆ ಹಿಂದೆ ಸರಿದಿವೆ. ಎದುರಿಗೆ ಬಟ್ಟಬಯಲು. ಜೂನ್ ತಿಂಗಳ ಹಸಿರು ಗೋಧಿ, ಕೆಂಪು ಹೆಂಚಿನ ಹಳ್ಳಿಗಳು, ಹಳ್ಳಿಗೊಂದು ಚರ್ಚಿನ ಮೊನೆ.

"ಕುಳಿಯೊಳಗೆ ಬಂದ್ವಿ," ಎಂದ ಸುಹಾಸ.

"ಎಲ್ಲಿದೆ ಕುಳಿ?"

"ಇದೇ."

ನಾನು ಎದ್ದು ಎಡಗಡೆಯ ಕಿಟಕಿಗೆ ಹೋದೆ, ಬಲಗಡೆಯ ಕಿಟಕಿಗೂ ಹೋದೆ. ಕುಳಿ ಎಂದರೆ ಅಂಚಿನಲ್ಲಿ ನಿಂತು ಬಗ್ಗಿ ನೋಡುವಂಥದ್ದು ಎಂಬುದು ನನ್ನ ತಿಳಿವಳಿಕೆ. ಮಹಾರಾಷ್ಟ್ರದ ಲೋನಾರಿಗೆ ಹೋದವರು ಹಾಗೆಯೇ ನೋಡಿಬರುತ್ತಾರೆ. ಸುಮಾರು 1.8 ಕಿಲೋಮೀಟರ್ ಅಗಲದ ಆ ಕುಳಿಯೂ ಅದರ ತಳದ ಕೆರೆಯೂ ಒಂದೇ ನೋಟಕ್ಕೆ ದಕ್ಕುತ್ತವೆ. ನಾವು ನೋಡಲು ಬಂದ, ಆಕಾಶದಿಂದ ಕಲ್ಲು ಬಡಿದು ಆದ ಈ ರೀಸ್ ಕುಳಿಯ ಅಗಲ ಸುಮಾರು 24 ಕಿಲೋಮೀಟರ್. ಬೆಂಗಳೂರಿನಲ್ಲಿ ಇಟ್ಟರೆ ಒಂದು ಅಂಚು ಯಲಹಂಕದಲ್ಲಿ, ಇನ್ನೊಂದು ಅಂಚು ಹುಳಿಮಾವಿನಲ್ಲಿ. ಮೆಜೆಸ್ಟಿಕ್, ವಿಧಾನಸೌಧ, ಲಾಲ್‌ಬಾಗ್ ಎಲ್ಲ ಒಳಗೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತಿರುವವರಿಗೆ "ನೀವು ನಿಂತಿರುವುದು ಒಂದು ಗುಂಡಿಯಲ್ಲಿ" ಎಂದರೆ ರಸ್ತೆಯ ಗುಂಡಿಯ ಮಾತೆಂದೇ ತಿಳಿದಾರು. ಇಲ್ಲಿನವರಿಗೂ ಬಹುಕಾಲ ತಿಳಿದಿರಲಿಲ್ಲ ಎಂಬುದು ಆಮೇಲೆ ಗೊತ್ತಾಗಿ ನನಗೆ ತುಸು ಸಮಾಧಾನವಾಯಿತು.

ನಾವು ಇಳಿದ ನೋರ್ಡ್ಲಿಂಗನ್ ಊರು ಇನ್ನೊಂದು ಬೆರಗು. ನಡುಗಾಲದ ಕೋಟೆಗೋಡೆ ಊರನ್ನು ಪೂರ್ತಿ ಸುತ್ತಿದೆ, ಎಲ್ಲಿಯೂ ತುಂಡಾಗಿಲ್ಲ. ಗೋಡೆಯ ಮೇಲೆ ಮರದ ಮಾಡು ಹೊದಿಸಿದ ಓಣಿಯಿದೆ. ಹತ್ತಿದರೆ 2.7 ಕಿಲೋಮೀಟರ್ ನಡೆದು ಹತ್ತಿದ ಜಾಗಕ್ಕೇ ಬಂದು ಸೇರಬಹುದು, ಮಳೆ ಬಂದರೂ ನೆನೆಯುವುದಿಲ್ಲ. ಶ್ರೀರಂಗಪಟ್ಟಣದ ಕೋಟೆಯ ಮೇಲೆ ಮುಳ್ಳು ಬಿಡಿಸಿಕೊಳ್ಳುತ್ತ ನಡೆದು ಅಭ್ಯಾಸವಾದ ಕಾಲಿಗೆ ಇದು ರಾಜಮರ್ಯಾದೆ. ಒಂದು ಬದಿಗೆ ಜನರ ಹಿತ್ತಲು, ಒಣಗಲು ಹಾಕಿದ ಬಟ್ಟೆ, ಟೊಮೆಟೊ ಪಾತಿ. ಇನ್ನೊಂದು ಬದಿಗೆ ಬಾಣ ಬಿಡುವ ಕಿಂಡಿಗಳು. ನೆಲದ ಮೇಲೆ ನಿಂತು ನೋಡಿದರೂ ಊರು ಗುಂಡಗಿದೆ ಎಂಬುದು ಗೊತ್ತಾಗುತ್ತದೆ. ಅದಕ್ಕೇ ಬಂದವರಲ್ಲಿ ಅನೇಕರು ಊರಿನ ಈ ವೃತ್ತವನ್ನೇ ಕುಳಿಯ ವೃತ್ತವೆಂದು ಭಾವಿಸುತ್ತಾರಂತೆ. ಎರಡಕ್ಕೂ ಸಂಬಂಧವಿಲ್ಲ. ಗೋಡೆಯನ್ನು ಕಟ್ಟಲು ತೊಡಗಿದ್ದು 1327ರಲ್ಲಿ, ಊರು ಕುಳಿಯ ನಡುವಿನಲ್ಲಿಯೂ ಇಲ್ಲ, ನೈಋತ್ಯಕ್ಕೆ ಸರಿದಿದೆ. ಆದರೆ ಸುಹಾಸ ಹೇಳಿದ ಒಂದು ಮಾತಿಗೆ ನಡೆಯುತ್ತಿದ್ದವಳು ನಿಂತುಬಿಟ್ಟೆ. ಗೋಡೆಯೊಳಗಿನ ಊರಿನ ಅಗಲ ಸುಮಾರು ಒಂದು ಕಿಲೋಮೀಟರ್. ಸುಮಾರು ಒಂದೂವರೆ ಕೋಟಿ ವರ್ಷದ ಕೆಳಗೆ ಆಕಾಶದಿಂದ ಬಂದು ಬಡಿದ ಕಲ್ಲಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ, ಒಂದರಿಂದ ಒಂದೂವರೆ ಕಿಲೋಮೀಟರ್. ಬೇಕರಿ, ಮಾರುಕಟ್ಟೆ, ಸಾವಿರಾರು ಮನೆ ಹಿಡಿಸುವಷ್ಟು ಅಗಲದ ಬಂಡೆ ಸೆಕೆಂಡಿಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಇಳಿದದ್ದು! ಆ ಲೆಕ್ಕದಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಏಳೆಂಟು ಸೆಕೆಂಡು.

ಊರಿನ ನಡುವೆ ಸೇಂಟ್ ಜಾರ್ಜ್ ಚರ್ಚು. ಅದರ ಗೋಪುರಕ್ಕೆ ಊರವರು ಇಟ್ಟ ಹೆಸರು ದಾನಿಯೇಲ್. ತೊಂಬತ್ತು ಮೀಟರ್ ಎತ್ತರ, 350 ಮೆಟ್ಟಿಲು. ಮುರುಡೇಶ್ವರದ ರಾಜಗೋಪುರ ಇದಕ್ಕಿಂತ ಗಿಡ್ಡ, ಆದರೆ ಅಲ್ಲಿ ಲಿಫ್ಟಿದೆ. ಹತ್ತುವ ಮೊದಲು ಬುಡದಲ್ಲಿ ನಿಂತು ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದೆ. ಬೂದು ಬಣ್ಣ, ಅಲ್ಲಲ್ಲಿ ಹಸಿರಿನ ಛಾಯೆ, ಒರಟು ಮೈ. ಎಲ್ಲ ಜಾತಿಯ ಕಲ್ಲಿನ ಚೂರುಗಳನ್ನೂ ಕಲಸಿ ಹಾಕಿದ್ದಾರೆ ಎನ್ನಿಸುತ್ತದೆ. ನಡುನಡುವೆ ಬೆರಳುದ್ದದ, ಅಂಗೈಯಗಲದ ಕಪ್ಪು ಗಾಜಿನ ತುಣುಕುಗಳು. ಇದರ ಹೆಸರು ಸುವೇವಿಟ್. ಬಡಿತದ ಬಿಸಿಗೆ ಕರಗಿದ ಕಲ್ಲು, ಒಡೆದ ಕಲ್ಲು, ಪುಡಿಯಾದ ಕಲ್ಲು ಎಲ್ಲ ಉರಿಮೋಡವಾಗಿ ಮೇಲೆದ್ದು, ಮತ್ತೆ ನೆಲಕ್ಕೆ ಸುರಿದು ಹೆಪ್ಪುಗಟ್ಟಿದ್ದು. 1427ರಲ್ಲಿ ಚರ್ಚು ಕಟ್ಟತೊಡಗಿದವರಿಗೆ ಅದೊಂದೂ ಗೊತ್ತಿಲ್ಲ. ಹತ್ತಿರದಲ್ಲಿ ಸಿಕ್ಕಿತು, ಕಡಿಯಲು ಸುಲಭವಾಗಿತ್ತು, ತಂದು ಕಟ್ಟಿದರು. ಮಳೆಗೂ ಹಿಮಕ್ಕೂ ಬೇಗ ಸವೆಯುವ ಕಲ್ಲಾದ್ದರಿಂದ ಅವರ ಮರಿಮಕ್ಕಳ ಮರಿಮಕ್ಕಳು ಇಂದಿಗೂ ದುರಸ್ತಿ ಮಾಡಿಸುತ್ತಲೇ ಇದ್ದಾರೆ.

ಮೆಟ್ಟಿಲು ಹತ್ತುತ್ತ ಹತ್ತುತ್ತ ನನ್ನ ಮಂಡಿಗಳು ತಮ್ಮದೇ ಭಾಷೆಯಲ್ಲಿ ದೂರತೊಡಗಿದವು. ನಡುವೆ ಕೂರಲು ಒಂದು ಕಿಟಕಿಕಟ್ಟೆ ಸಿಕ್ಕಿತು. ಸುಹಾಸ ನೀರಿನ ಬಾಟಲಿ ಕೊಟ್ಟ. ಗುಟುಕರಿಸಿದರೆ ಗ್ಯಾಸ್ ತುಂಬಿದ ನೀರು, ಮೂಗಿಗೇರಿತು. ಈ ದೇಶದಲ್ಲಿ ಸಾದಾ ನೀರು ಬೇಕಾದರೆ ಸಾದಾ ನೀರೇ ಬೇಕೆಂದು ಒತ್ತಿ ಹೇಳಬೇಕು.

ಮೇಲಿನ ಕಟಾಂಜನದಲ್ಲಿ ನಿಂತಾಗ ಮಾತ್ರ ದೂರುವ ಬಾಯಿ ಮುಚ್ಚಿತು. ಕೆಳಗೆ ಕೆಂಪು ಮಾಡುಗಳ ದುಂಡನೆಯ ಊರು. ಅದರಾಚೆ ಬಯಲು. ಬಯಲಿನ ತುದಿಯಲ್ಲಿ, ಯಾವ ದಿಕ್ಕಿಗೆ ತಿರುಗಿದರೂ, ಒಂದೇ ಎತ್ತರದ ನೀಲಿ ಗುಡ್ಡಗಳ ಸಾಲು. ದಕ್ಷಿಣಕ್ಕೂ ಅದೇ, ಪಶ್ಚಿಮಕ್ಕೂ ಅದೇ. ಮಂಜು ಮುಸುಕಿದ ಪೂರ್ವದಲ್ಲಿ ಗೆರೆ ಎಳೆದಷ್ಟು ತೆಳ್ಳಗೆ, ಆದರೆ ಅಲ್ಲೂ ಇದೆ. ನಾನು ಗೋಪುರವನ್ನು ಒಂದು ಸುತ್ತು ಬಂದೆ, ಗುಡ್ಡಗಳೂ ನನ್ನ ಜೊತೆ ಒಂದು ಸುತ್ತು ಬಂದವು. ಇನ್ನೂ ಒಂದು ಸುತ್ತು ಹಾಕಿ ಖಚಿತ ಮಾಡಿಕೊಂಡೆ. ಕುಳಿ ಕಂಡಿತು.

ಆ ಗುಡ್ಡಗಳ ಮಟ್ಟವೇ ಇಡೀ ಸೀಮೆಯ ಹಳೆಯ ಮಟ್ಟ. ಬಂಡೆ ಇಲ್ಲಿನ ಸುಮಾರು 600 ಮೀಟರ್ ದಪ್ಪದ ಸುಣ್ಣಕಲ್ಲು, ಮರಳುಗಲ್ಲು, ಜೇಡಿಗಳ ಪದರಗಳನ್ನು ತೂರಿ ಕೆಳಗಿನ ಗಟ್ಟಿ ಶಿಲೆಗೇ ಇಳಿಯಿತು. ಇಳಿದದ್ದು ಇಳಿದಲ್ಲೇ ಆವಿಯಾಯಿತು. ಕ್ಷಣಕಾಲ ನಾಲ್ಕು ಕಿಲೋಮೀಟರಿಗೂ ಆಳದ ಗುಂಡಿ ಬಾಯ್ದೆರೆದು ನಿಂತಿತ್ತು. ಆದರೆ ಅಂಥ ಗುಂಡಿ ನಿಲ್ಲಲಾರದು. ಒತ್ತಿ ಕೆಳಗಿಟ್ಟಿದ್ದ ತಳ ಪುಟಿದು ಮೇಲೆದ್ದಿತು, ಸುತ್ತಲ ಗೋಡೆಗಳು ತುಂಡುತುಂಡಾಗಿ ಒಳಕ್ಕೆ ಜಾರಿದವು. ಆಳ ಕಡಿಮೆಯಾಯಿತು, ಅಗಲ ಹೆಚ್ಚಿತು. ಹತ್ತು ನಿಮಿಷ ಕಳೆಯುವ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮುಗಿದಿತ್ತು ಎಂದು ಭೂವಿಜ್ಞಾನಿಗಳ ಅಂದಾಜು. ಲಾಲ್‌ಬಾಗಿನ ಬಂಡೆಯ ಮೇಲೆ ಸಂಜೆ ಗಾಳಿಗೆ ಕೂತು ಬೆಳೆದವಳು ನಾನು. ಮುನ್ನೂರು ಕೋಟಿ ವರ್ಷದಿಂದ ಅದು ಅಲ್ಲೇ ಇದೆ ಎಂಬ ಫಲಕವನ್ನು ಓದುತ್ತಲೇ ಕಲ್ಲೆಂದರೆ ತಾಳ್ಮೆ ಎಂದುಕೊಂಡಿದ್ದೆ. ಒಂದು ಕಾಫಿ ಆರುವಷ್ಟರಲ್ಲಿ ಒಂದು ಸೀಮೆಯೇ ಕಟ್ಟಿಕೊಂಡಿತು ಎಂಬುದನ್ನು ನನ್ನ ಬುದ್ಧಿ ಒಪ್ಪಿದರೂ ಮಂಡಿಗಳು ಒಪ್ಪಲಿಲ್ಲ. ಅವಕ್ಕೆ ಮೆಟ್ಟಿಲು ಇಳಿಯಲೇ ಅದಕ್ಕಿಂತ ಹೆಚ್ಚು ಹೊತ್ತು ಬೇಕಾಯಿತು.

ಊಟದ ಕಥೆ ಬೇರೆ. ಈ ಕಡೆಯ ಹೆಸರಾಂತ ಸೂಪಿನಲ್ಲಿ ತೆಳ್ಳನೆಯ ದೋಸೆಯನ್ನು ಎಳೆಎಳೆಯಾಗಿ ಕತ್ತರಿಸಿ ತೇಲಿಬಿಟ್ಟಿರುತ್ತಾರೆ. ಆ ಎಳೆಗಳಿಗೆ ಫ್ಲೆಡ್ಲೆ ಎನ್ನುತ್ತಾರೆ. ಸುವೇವಿಟ್ಟಿನ ಕಪ್ಪು ಗಾಜಿನ ತುಣುಕುಗಳನ್ನೂ ಭೂವಿಜ್ಞಾನಿಗಳು ಅದೇ ಹೆಸರಿನಿಂದ ಕರೆಯುತ್ತಾರಂತೆ. ದೋಸೆ ಎಂಬ ಮಾತಿಗೆ ಆಸೆಪಟ್ಟು ಕೇಳಿದರೆ ಸೂಪಿನ ತಿಳಿ ದನದ ಮೂಳೆಯದು. ಹೋಗಲಿ, ಆಲೂಗಡ್ಡೆ ಸಲಾಡ್ ಕೊಡಿ ಎಂದೆವು. ಬಡಿಸುವಾಕೆ ಒಳ್ಳೆಯ ಹೆಂಗಸು, ಮುಚ್ಚಿಡಲಿಲ್ಲ. ಸಲಾಡಿಗೂ ಅದೇ ತಿಳಿಯನ್ನೇ ಹಾಕುವುದಂತೆ. ಕೊನೆಗೆ ಬ್ರೆಡ್ಡು, ಚೀಸು, ನನ್ನ ಚೀಲದಲ್ಲಿದ್ದ ಚಟ್ನಿಪುಡಿ. ಆಕೆಗೂ ಒಂದು ಚಿಟಿಕೆ ಕೊಟ್ಟೆ. ಕಣ್ಣಲ್ಲಿ ನೀರು ತಂದುಕೊಂಡು "ಚೆನ್ನಾಗಿದೆ" ಎಂದಳು.

ಊರಿನ ಒಂದು ಮೂಲೆಯಲ್ಲಿ, 1503ರ ಹಳೆಯ ಕಣಜದ ಕಟ್ಟಡದಲ್ಲಿ ರೀಸ್ ಕುಳಿಯ ವಸ್ತುಸಂಗ್ರಹಾಲಯವಿದೆ. ಅದರ ಮುಂದಿನ ಚೌಕಕ್ಕೆ ಯೂಜೀನ್ ಶೂಮೇಕರ್ ಹೆಸರು. ಅಮೆರಿಕದ ಒಬ್ಬ ಭೂವಿಜ್ಞಾನಿಯ ಹೆಸರು ಬವೇರಿಯಾದ ಈ ಹಳೆಯ ಊರಿನ ಚೌಕಕ್ಕೆ ಏಕೆ ಬಂತು ಎನ್ನುವುದೇ ಒಂದು ಪತ್ತೇದಾರಿ ಕಥೆ. 1960ಕ್ಕೆ ಮುಂಚೆ ಇಲ್ಲಿ ಹೆಚ್ಚಿನವರು ಇದನ್ನು ಜ್ವಾಲಾಮುಖಿಯ ಕೆಲಸವೆಂದೇ ನಂಬಿದ್ದರು. ಸುವೇವಿಟ್ ನೋಡಲು ಜ್ವಾಲಾಮುಖಿಯ ಬೂದಿಗಲ್ಲಿನ ಹಾಗೇ ಇದೆ, ಅವರನ್ನು ತಪ್ಪೆನ್ನಲಾಗದು. ಉಲ್ಕೆ ಬಿದ್ದಿರಬಹುದು ಎಂದು 1904ರಲ್ಲಿ ಒಬ್ಬರು, 1936ರಲ್ಲಿ ಇನ್ನೊಬ್ಬರು ಬರೆದಿದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1960ರ ಜುಲೈಯಲ್ಲಿ ಶೂಮೇಕರ್ ಹೆಂಡತಿ ಕ್ಯಾರೊಲಿನ್ ಜೊತೆ ಇಲ್ಲಿಗೆ ಬಂದರು. ಪೂರ್ವದ ಅಂಚಿನ ಓಟಿಂಗ್ ಎಂಬ ಹಳ್ಳಿಯ ಕಲ್ಲುಕ್ವಾರಿಯಿಂದ ಒಂದಷ್ಟು ತುಂಡು ಆರಿಸಿ ಅಮೆರಿಕದಲ್ಲಿದ್ದ ಸಹೋದ್ಯೋಗಿ ಎಡ್ವರ್ಡ್ ಚಾವೊಗೆ ಅಂಚೆಯಲ್ಲಿ ಕಳಿಸಿದರು. ಅದರಲ್ಲಿ ಕೋಯೆಸೈಟ್ ಸಿಕ್ಕಿತು. ನಮ್ಮ ಮರಳಿನಲ್ಲಿರುವ ಸಾಮಾನ್ಯ ಸಿಲಿಕಾ ಭಯಂಕರ ಒತ್ತಡಕ್ಕೆ ಸಿಕ್ಕಿ ಬಿಗಿದುಕೊಂಡಾಗ ಆಗುವ ಹರಳು ಅದು. ಜ್ವಾಲಾಮುಖಿಯ ಬಾಯಿಗೆ ಅಷ್ಟು ಒತ್ತಡ ಹುಟ್ಟಿಸುವ ತಾಕತ್ತಿಲ್ಲ. ತಲೆಮಾರುಗಳ ವಾದ ಒಂದು ಅಂಚೆಯ ಪೊಟ್ಟಣದಿಂದ ಇತ್ಯರ್ಥವಾಯಿತು. ಊರಿನ ಜನ ಐನೂರು ವರ್ಷದಿಂದ ಪ್ರತಿ ಭಾನುವಾರ ಆ ಸಾಕ್ಷ್ಯದೊಳಗೇ ಕೂತು ಪ್ರಾರ್ಥನೆ ಮಾಡುತ್ತಿದ್ದರು.

ಒಳಗೆ ಗಾಜಿನ ಪೆಟ್ಟಿಗೆಯಲ್ಲಿ ಚಂದ್ರನ ಕಲ್ಲು ಇದೆ, ಅಪೊಲೊ 16 ತಂದದ್ದು. ಆ ಸಂಬಂಧಕ್ಕೂ ಕಾರಣವಿದೆ. 1970ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳಾದ ಅಲನ್ ಶೆಪರ್ಡ್, ಎಡ್ಗರ್ ಮಿಚೆಲ್, ಯೂಜೀನ್ ಸರ್ನನ್, ಜೋ ಎಂಗಲ್ ಈ ಸೀಮೆಯ ಕಲ್ಲುಕ್ವಾರಿಗಳಲ್ಲಿ ಸುತ್ತಿಗೆ ಹಿಡಿದು ಪಾಠ ಕಲಿತು ಹೋದರು. ಚಂದ್ರನ ನೆಲವೆಲ್ಲ ಬಡಿತ ತಿಂದ ನೆಲ. ಅಲ್ಲಿ ಕಲ್ಲು ಆರಿಸಬೇಕಾದವರಿಗೆ ಬಡಿತ ತಿಂದ ಕಲ್ಲಿನ ಗುರುತು ಸಿಗಬೇಡವೇ? ಆರು ತಿಂಗಳಲ್ಲಿ ಶೆಪರ್ಡ್ ಮತ್ತು ಮಿಚೆಲ್ ಚಂದ್ರನ ಮೇಲೆ ಇಳಿದದ್ದೂ ಒಂದು ಮಹಾಕುಳಿಯಿಂದ ಎರಚಿದ ರಾಶಿಯ ಮೇಲೆಯೇ. ಸರ್ನನ್ ಆಮೇಲೆ ಅಪೊಲೊ 17ರಲ್ಲಿ ಹೋದರು. ಚಂದ್ರನಿಗೆ ಹೋಗುವ ಆಸೆಯಿದ್ದ ಶೂಮೇಕರ್ ಆರೋಗ್ಯದ ಕಾರಣಕ್ಕೆ ಭೂಮಿಯಲ್ಲೇ ಉಳಿದರು. 1997ರಲ್ಲಿ ತೀರಿಕೊಂಡ ಮೇಲೆ ಅವರ ಒಂದಿಷ್ಟು ಬೂದಿಯನ್ನು ಹೊತ್ತ ನೌಕೆ 1999ರಲ್ಲಿ ಚಂದ್ರನಿಗೆ ಬಡಿಯಿತು. ನಮ್ಮಲ್ಲಿ ಅಸ್ಥಿ ಬಿಡಲು ಕಾಶಿಗೆ ಹೋಗುತ್ತಾರೆ. ಕುಳಿಗಳ ಹಿಂದೆ ಬಾಳು ಸವೆಸಿದವನಿಗೆ ಇದಕ್ಕಿಂತ ಒಳ್ಳೆಯ ತೀರ್ಥ ನನಗಂತೂ ತೋಚುವುದಿಲ್ಲ.

ವಜ್ರದ ಸಂಗತಿ ಕೇಳಿದಾಗ ಸುಹಾಸನ ಕಣ್ಣೂ ಅರಳಿತು. ನೆಲದಾಳದ ಶಿಲೆಯಲ್ಲಿದ್ದ ಗ್ರಾಫೈಟ್ ಬಡಿತದ ಒತ್ತಡಕ್ಕೆ ಕ್ಷಣಮಾತ್ರದಲ್ಲಿ ವಜ್ರವಾಯಿತಂತೆ. ಈ ಸೀಮೆಯ ಕಲ್ಲಿನಲ್ಲಿ ಸುಮಾರು 72,000 ಟನ್ ವಜ್ರವಿದೆ ಎಂದು ಅಂದಾಜು. ಕೋಲಾರದ ಗಣಿಯಲ್ಲಿ ನೂರಿಪ್ಪತ್ತು ವರ್ಷ ಅಷ್ಟು ಜನ ಜೀವ ತೇಯ್ದು ತೆಗೆದ ಚಿನ್ನ ಸುಮಾರು 800 ಟನ್. ಆದರೆ ಇಲ್ಲಿನ ಹರಳು ಮಿಲಿಮೀಟರಿನ ಕಾಲುಭಾಗವೂ ಇಲ್ಲ, ಕಣ್ಣಿಗೆ ಕಾಣದು, ಉಂಗುರಕ್ಕೆ ಬಾರದು. ಚರ್ಚಿನ ಗೋಡೆಯ ತುಂಬ ವಜ್ರವಿದ್ದೂ ಪಾದ್ರಿಗಳು ದುರಸ್ತಿಗೆ ಕಾಣಿಕೆ ಡಬ್ಬಿ ಇಟ್ಟಿದ್ದಾರೆ. ನಾನೂ ಎರಡು ಯೂರೊ ಹಾಕಿದೆ.

ಆ ರಾತ್ರಿ ಉಳಿದುಕೊಂಡ ಕೋಣೆ ಚರ್ಚಿಗೆ ತೀರ ಹತ್ತಿರ. ಗೋಪುರದಲ್ಲಿ ಇಂದಿಗೂ ಒಬ್ಬ ಕಾವಲುಗಾರನಿದ್ದಾನೆ. ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಮೇಲಿನಿಂದ "ಸೋ, ಗ್ಸೆಲ್, ಸೋ" ಎಂದು ಕೂಗುತ್ತಾನೆ. ಆ ಕೂಗಿನ ಹಿಂದೆ ಒಂದು ಕಥೆಯಿದೆ. 1440ರಲ್ಲಿ ಲಂಚ ತಿಂದ ಕಾವಲಿನವರು ಕೋಟೆಬಾಗಿಲಿಗೆ ಅಗುಳಿ ಹಾಕದೆ ಬಿಟ್ಟಿದ್ದರಂತೆ. ಒಂದು ಹಂದಿ ಹೋಗಿ ಆ ಬಾಗಿಲಿಗೆ ಮೈ ಉಜ್ಜಿಕೊಂಡದ್ದನ್ನು ಒಬ್ಬ ಹೆಂಗಸು ಕಂಡು ಊರು ಉಳಿಯಿತು ಎಂದು ಐತಿಹ್ಯ. ಹತ್ತಕ್ಕೆ ಕೇಳಿದಾಗ ರೋಮಾಂಚನ. ಹತ್ತೂವರೆಗೆ ಸಂತೋಷ. ಹನ್ನೊಂದೂವರೆಗೆ ಆ ಹಂದಿಯ ಮೇಲೆ ಸಿಟ್ಟು.

ಮಾರನೆಯ ಬೆಳಿಗ್ಗೆ ಹೋಲ್ಹೈಮ್ ಎಂಬ ಹಳ್ಳಿಯ ಕಡೆ ಹೊರಟೆವು. ಹಳ್ಳಿಯ ಮೇಲಿನ ಗುಡ್ಡ ಕುಳಿಯ ಒಳ ಅಂಚಿಗೆ ಸೇರಿದ್ದು, ಮನೆಗಳಿಗಿಂತ ದೊಡ್ಡ ಸುಣ್ಣಕಲ್ಲಿನ ಗಡ್ಡೆಗಳು ತಮ್ಮ ಜಾಗ ಬಿಟ್ಟು ಸರಿದು ಬಂದು ನಿಂತದ್ದು. ಹಾಗೆ ಬಿರುಕುಬಿಟ್ಟ ಕಲ್ಲಿನಲ್ಲಿ ಓಫ್ನೆಟ್ ಎಂಬ ಎರಡು ಗುಹೆಗಳಿವೆ. ಗುಡ್ಡದ ಬುಡದಲ್ಲಿ ರೋಮನ್ನರ ಕಾಲದ ತೋಟದಮನೆಯೊಂದರ ಅಡಿಪಾಯ, ಸ್ನಾನದ ಮನೆ ಸಮೇತ. ಆಯತ ಆಯತವಾಗಿ ಕಲ್ಲಿನ ಗೆರೆ, ನಡುವೆ ಒಪ್ಪವಾಗಿ ಕತ್ತರಿಸಿದ ಹುಲ್ಲು. ಮೇಲಿನ ಗುಹೆಯಲ್ಲಿ 1908ರಲ್ಲಿ ಅಗೆದಾಗ ಮೂವತ್ತಕ್ಕೂ ಹೆಚ್ಚು ತಲೆಬುರುಡೆಗಳು ಸಿಕ್ಕವು. ಎರಡು ಗುಳಿಗಳಲ್ಲಿ, ಎಲ್ಲವೂ ಪಶ್ಚಿಮಕ್ಕೆ ಮುಖಮಾಡಿ, ಕೆಲವಕ್ಕೆ ಚಿಪ್ಪಿನ, ಜಿಂಕೆಹಲ್ಲಿನ ಆಭರಣ. ಕೃಷಿ ಇಲ್ಲಿಗೆ ಬರುವುದಕ್ಕೂ ಮುಂಚಿನ ಜನ. ಗುಹೆಯ ಬಾಯಲ್ಲಿ ನಿಂತರೆ ಇಡೀ ಬಯಲು ಕಾಲಡಿಯಲ್ಲಿದೆ. ಕೆಳಗೆ ಬೇಟೆ ಓಡಾಡಿದರೆ ಇಲ್ಲಿಂದ ಕಾಣುತ್ತದೆ, ಶತ್ರು ಬಂದರೂ ಕಾಣುತ್ತದೆ. ಮನೆ ಮಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆಲ್ಲಿದೆ ಎಂದು ನಾನೂ ಒಪ್ಪಿದೆ. ಗುಹೆಯೊಳಗೆ ತೊಟ್ಟಿಕ್ಕಿದ ನೀರು ಕುತ್ತಿಗೆಯ ಹಿಂದೆ ಬೀಳುವವರೆಗೆ.

ಅಲ್ಲಿಂದ ಬಯಲನ್ನು ಅಡ್ಡಹಾಯ್ದು ಈಶಾನ್ಯದ ಹೈನ್ಸ್‌ಫಾರ್ತಿಗೆ ಹೋಗಬೇಕು. ಬಸ್ಸಿನ ವೇಳಾಪಟ್ಟಿಯ ತುಂಬ ಅಡಿಟಿಪ್ಪಣಿ: ಶಾಲೆ ಇರುವ ದಿನ ಮಾತ್ರ, ಶನಿವಾರ ಇಲ್ಲ, ಮುಂಚೆ ಫೋನ್ ಮಾಡಿದರೆ ಮಾತ್ರ. ಕೊನೆಗೆ ಒಂದು ಬಸ್ಸು ಸಿಕ್ಕಿತು, ಇಬ್ಬರೇ ಪ್ರಯಾಣಿಕರು. ದಾರಿಯುದ್ದಕ್ಕೂ ಗೋಧಿ, ಸಕ್ಕರೆಗೆಡ್ಡೆ, ಆಲೂಗಡ್ಡೆ. ಹಿಮಯುಗದಲ್ಲಿ ಗಾಳಿ ಹೊತ್ತು ತಂದ ನಯವಾದ ಧೂಳು ಈ ತಗ್ಗಿನಲ್ಲಿ ಬಂದು ನೆಲೆಸಿತು, ಆದ್ದರಿಂದಲೇ ಸುತ್ತಲ ಗುಡ್ಡಗಳ ಮೇಲೆ ಕಾಡು, ಕೆಳಗೆ ಉಳುಮೆ. ಎಲ್ಲಿ ಹೊಲ ನಿಂತು ಮರ ಶುರುವಾಗುತ್ತದೋ ಅದೇ ಕುಳಿಯ ಗೆರೆ ಎಂದು ಲೆಕ್ಕ ಹಾಕುತ್ತ ಕೂತೆ. ಬಹುಪಾಲು ಸರಿಹೋಗುತ್ತದೆ.

ಹೈನ್ಸ್‌ಫಾರ್ತಿನ ಹತ್ತಿರದ ಔಮ್ಯೂಲೆಯ ಕಲ್ಲುಕ್ವಾರಿ ಈ ಇಡೀ ಪ್ರವಾಸದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿಕೊಂಡ ಜಾಗ. ಕಡಿದ ಗೋಡೆಯಲ್ಲಿ ಎರಡು ಬಣ್ಣ. ಕೆಳಗೆ ಕೆಂಪು, ಕಂದು, ಹಳದಿ, ನೇರಳೆ ಮಣ್ಣುಕಲ್ಲುಗಳ ಕಲಸುಮೇಲೋಗರ. ಅದರ ಮೇಲೆ, ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟವಾದ ಗೆರೆ ಬಿಟ್ಟು, ಬೂದು ಸುವೇವಿಟ್. ಕೆಳಗಿನದು ಮೊದಲ ಕೆಲವು ನಿಮಿಷಗಳದ್ದು. ಬಡಿತಕ್ಕೆ ಸಿಡಿದ ಮೇಲ್ಪದರಗಳು ಹಾರಿ, ಬಿದ್ದು, ಬಿದ್ದಲ್ಲಿನ ನೆಲವನ್ನೂ ಕೆರೆದುಕೊಂಡು ಹೊರಳುತ್ತ ಹೋದ ರಾಶಿ ಅದು. ನಲವತ್ತು ಕಿಲೋಮೀಟರ್ ದೂರದವರೆಗೆ ಹೀಗೆ ಹಾಸಿತಂತೆ, ಬಿಡಿ ಬಂಡೆಗಳು ಎಪ್ಪತ್ತು ಕಿಲೋಮೀಟರ್ ಹಾರಿದ್ದೂ ಉಂಟು. ಬೂದು ಪದರ ಅದರ ನಂತರದ್ದು, ಮೇಲೆದ್ದ ಉರಿಮೋಡ ಕುಸಿದಾಗ ಬಂದದ್ದು. ಎರಡು ಪದರಗಳ ನಡುವೆ ಒಂದು ಹುಲ್ಲಿನ ಬೇರಿಲ್ಲ, ಮಣ್ಣಿನ ಎಳೆಯಿಲ್ಲ. ಇರಲು ಪುರಸೊತ್ತೇ ಆಗಿರಲಿಲ್ಲ. ನಮ್ಮ ಕಡೆ ಕಲ್ಲಿನ ಎರಡು ಪದರಗಳ ನಡುವೆ ಬೆರಳಿಟ್ಟರೆ ಲಕ್ಷಗಟ್ಟಲೆ ವರ್ಷ. ಇಲ್ಲಿ ಬೆರಳಿಟ್ಟದ್ದು ಕೆಲವೇ ನಿಮಿಷಗಳ ಮೇಲೆ.

ಈ ಹಾಸು ನದಿಗಳ ಹಣೆಬರಹವನ್ನೂ ಬದಲಿಸಿತು. ಉತ್ತರದಿಂದ ಹರಿದು ಬಂದು ಡ್ಯಾನ್ಯೂಬಿನ ಕಡೆಗೆ ಹೋಗುತ್ತಿದ್ದ ಹಳೆಯ ಮೈನ್ ನದಿಯ ಕಣಿವೆಗೆ ಕಲ್ಲುಮಣ್ಣು ತುಂಬಿ ಅಡ್ಡಗಟ್ಟೆಯಾಯಿತು. ಹಿಂದೆ ದೊಡ್ಡ ಸರೋವರವೊಂದು ನಿಂತಿತು. ಹಳೆಯ ಕಣಿವೆ ಇನ್ನೂ ಆ ರಾಶಿಯ ಕೆಳಗೆ ಹೂತುಹೋಗಿದೆ. ಬಡಿತಕ್ಕೆ ಕರಗಿದ ಮೇಲ್ಮೈಯ ಮರಳು ಪೂರ್ವಕ್ಕೆ ಸಿಡಿದು, ಹಾರುತ್ತಲೇ ತಣಿದು, ಇಂದಿನ ಚೆಕ್ ದೇಶದ ಹೊಲಗಳಲ್ಲಿ ಹಸಿರು ಗಾಜಾಗಿ ಬಿತ್ತು. ಪ್ರಾಗ್‌ನ ಆಭರಣದಂಗಡಿಗಳಲ್ಲಿ ಮೋಲ್ಡವೈಟ್ ಎಂದು ಮಾರುವುದು ಅದನ್ನೇ. ಇಲ್ಲಿನ ವಜ್ರಕ್ಕೆ ಗಿರಾಕಿಯಿಲ್ಲ, ಅಲ್ಲಿನ ಗಾಜಿಗೆ ಬೇಡಿಕೆ!

ಹೈನ್ಸ್‌ಫಾರ್ತಿನ ಬ್ಯೂಷೆಲ್‌ಬರ್ಗ್ ದಿಬ್ಬದ ಮೇಲೆ ಕಲ್ಲು ಮತ್ತೆ ಬೇರೆ. ಬಿಳಿಚು, ಪೊಳ್ಳುಪೊಳ್ಳು, ಹೂಕೋಸಿನ ಗಡ್ಡೆ ಕಲ್ಲಾದ ಹಾಗೆ. ಬಡಿತದ ಮೇಲೆ ಕುಳಿಯಲ್ಲಿ ನೀರು ತುಂಬಿ ಸುಮಾರು 400 ಚದರ ಕಿಲೋಮೀಟರಿನ ಸರೋವರವಾಯಿತು. ನಮ್ಮ ಕನ್ನಂಬಾಡಿಯ ಹಿನ್ನೀರಿನ ಮೂರರಷ್ಟು. ಅದು ಉಪ್ಪುನೀರು. ದಂಡೆಯ ಆಳವಿಲ್ಲದ ಕಡೆ ಪಾಚಿ ಬೆಳೆದು ಸುಣ್ಣ ಕಟ್ಟಿ ದಿಬ್ಬಗಳಾದವು. ಬದುಕಬಲ್ಲ ಜಾತಿಗಳು ಕೆಲವೇ, ಆದರೆ ಅವು ಕೋಟಿಗಟ್ಟಲೆ. ಒಂದು ಮುಷ್ಟಿ ಪುಡಿಯಲ್ಲಿ ಜೀರಿಗೆಯಷ್ಟು ಸಣ್ಣ ಬಸವನಹುಳುಗಳ ಚಿಪ್ಪು ಎಣಿಸಲಾರದಷ್ಟು. ಹಿಂದಿರುಗುವಾಗ ಬಸ್ಸಿನಿಂದ ದೂರದ ವಾಲರ್‌ಸ್ಟೈನ್ ಬಂಡೆ ಕಂಡಿತು. ಬಯಲಿನ ನಡುವೆ ಒಂಟಿಯಾಗಿ ಎದ್ದು ನಿಂತಿರುವ ಅದೂ ಆ ಸರೋವರದ ಸುಣ್ಣವೇ, ಪುಟಿದೆದ್ದ ತಳದ ಒಳಬಳೆಯ ಮೇಲೆ ಕಟ್ಟಿಕೊಂಡದ್ದು. ಸರೋವರ ಹೂಳು ತುಂಬಿ ಮುಗಿದುಹೋಯಿತು. ಆಮೇಲೆ ನದಿಗಳು ಮೆತ್ತನೆಯ ಹೂಳನ್ನು ಕೊರೆದು ಸಾಗಿಸಿ ಕುಳಿಯನ್ನು ಮತ್ತೆ ತೆರೆದಿಟ್ಟವು. ನಿನ್ನೆ ನಾವು ಹಿಂಬಾಲಿಸಿ ಬಂದ ಆ ಪುಟ್ಟ ವೋರ್ನಿಟ್ಸ್ ಹೊರಗೆ ಹೋಗುವ ಕಂಡಿಯೇ ಹಾರ್‌ಬುರ್ಗ್.

ಮ್ಯೂನಿಕ್ಕಿಗೆ ನೇರ ಮರಳುವ ಬದಲು ನಾನು ಹಟ ಹಿಡಿದು ಸುಹಾಸನನ್ನು ಸ್ಟೈನ್‌ಹೈಮಿಗೆ ಎಳೆದುಕೊಂಡು ಹೋದೆ. ರೀಸಿನಿಂದ ನೈಋತ್ಯಕ್ಕೆ 40 ಕಿಲೋಮೀಟರ್. ಆಲನ್‌ನಲ್ಲಿ ರೈಲು ಬದಲಿಸಿ, ಹೈಡನ್‌ಹೈಮಿನಲ್ಲಿ ಬಸ್ಸು ಹತ್ತಿ, ದಾರಿಯಲ್ಲಿ ಶೌಚಾಲಯದ ಬಾಗಿಲಿಗೆ ಹಾಕಲು ಸರಿಯಾದ ನಾಣ್ಯವಿಲ್ಲದೆ ಅಂಗಡಿಯಲ್ಲಿ ಬೇಡದ ಚೂಯಿಂಗ್ ಗಮ್ ಕೊಂಡು, ಅಂತೂ ತಲುಪಿದೆವು. ಇಲ್ಲಿ ನನ್ನ ಕಲ್ಪನೆಯ ಕುಳಿಯೇ ಇದೆ! 3.8 ಕಿಲೋಮೀಟರ್ ಅಗಲದ ದುಂಡು ತಗ್ಗು, ನಡುವೆ ಪುಟಿದೆದ್ದ ತಳದ ಒಂದು ಗುಡ್ಡ, ಗುಡ್ಡದ ಪಕ್ಕದಲ್ಲೇ ಊರು. ನಡುಗುಡ್ಡ ಹತ್ತಿದರೆ ಸುತ್ತಲೂ ಅಂಚು. ಕೊರಳು ತಿರುಗಿಸಿದಷ್ಟರಲ್ಲೇ ಎಲ್ಲ ಮುಗಿಯುತ್ತದೆ. ಇಲ್ಲಿನ ಸುಣ್ಣಕಲ್ಲಿನಲ್ಲಿ ಕುದುರೆಯ ಬಾಲದ ಕೂದಲು ಹರಡಿದಂಥ ಗೆರೆಗಳ ಶಂಕುಗಳು ಮೂಡಿವೆ. ಆಘಾತದ ಅಲೆ ಹಾಯ್ದುಹೋದ ಗುರುತು. 1905ರಲ್ಲಿ ಮೊದಲು ಇಲ್ಲೇ ಅವುಗಳನ್ನು ವಿವರಿಸಿದರು, ಏಕೆ ಆದದ್ದೆಂದು ಆಗ ಗೊತ್ತಿರಲಿಲ್ಲ.

ಅದಕ್ಕಿಂತ ಹೆಚ್ಚಾಗಿ ನನಗೆ ನೋಡಬೇಕಿದ್ದದ್ದು ಇಲ್ಲಿನ ಬಸವನಹುಳು. ಈ ಕುಳಿಯಲ್ಲೂ ಸರೋವರ ನಿಂತಿತ್ತು. ಅದರ ಮರಳಿನಲ್ಲಿ ಪದರ ಪದರವಾಗಿ ಸಣ್ಣ ಚಿಪ್ಪುಗಳು. 1860ರ ದಶಕದಲ್ಲಿ ಫ್ರಾಂಟ್ಸ್ ಹಿಲ್ಗೆಂಡೋರ್ಫ್ ಎಂಬ ತರುಣ ಅವುಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸುತ್ತ ಹೋದ. ಚಪ್ಪಟೆ ಚಿಪ್ಪು ಮೇಲೆ ಮೇಲೆ ಹೋದಂತೆ ಗೋಪುರವಾಗುತ್ತದೆ, ಆಮೇಲೆ ಮತ್ತೆ ಚಪ್ಪಟೆಯಾಗುತ್ತದೆ, ಕವಲೊಡೆಯುತ್ತದೆ. 1866ರಲ್ಲಿ ಅವನು ಅದರ ವಂಶವೃಕ್ಷವನ್ನೇ ಬರೆದು ಪ್ರಕಟಿಸಿದ. ಪಳೆಯುಳಿಕೆಗಳನ್ನು ಆಧರಿಸಿ ಡಾರ್ವಿನ್ನನ ವಾದಕ್ಕೆ ಸಿಕ್ಕ ಮೊದಮೊದಲ ಸಾಕ್ಷ್ಯಗಳಲ್ಲಿ ಅದೂ ಒಂದು. ಡಾರ್ವಿನ್ ತನ್ನ ಗ್ರಂಥದ ನಂತರದ ಆವೃತ್ತಿಯಲ್ಲಿ ಅದನ್ನು ಉಲ್ಲೇಖಿಸಿದ, ಜಾಗ ಮಾತ್ರ ಸ್ವಿಟ್ಜರ್ಲೆಂಡ್ ಎಂದು ಬರೆದ. ಸ್ಟೈನ್‌ಹೈಮಿನವರು ಇನ್ನೂ ಅದನ್ನು ಮರೆತಂತಿಲ್ಲ. ಸುತ್ತ ಬತ್ತಿದ ಸುಣ್ಣಕಲ್ಲಿನ ನಾಡು, ನಡುವೆ ಹೊರಗಿನ ಸಂಪರ್ಕವಿಲ್ಲದ ಒಂದು ಕೊಳ. ಬಂದು ಸೇರಿದ ಹುಳುಗಳಿಗೆ ಅದೇ ಪ್ರಪಂಚವಾಯಿತು. ಆ ಪ್ರಪಂಚ ಕಟ್ಟಿಕೊಟ್ಟದ್ದು ಸುಮಾರು 150 ಮೀಟರ್ ಅಗಲದ ಒಂದು ಕಲ್ಲೆಂಬುದು ಹಿಲ್ಗೆಂಡೋರ್ಫನಿಗೂ ಗೊತ್ತಿರಲಿಲ್ಲ, ಡಾರ್ವಿನ್ನನಿಗೂ ಗೊತ್ತಿರಲಿಲ್ಲ.

ಮರಳುವ ಬಸ್ಸಿನಲ್ಲಿ ನನಗೂ ಸುಹಾಸನಿಗೂ ಜಗಳ. ರೀಸ್ ಮತ್ತು ಸ್ಟೈನ್‌ಹೈಮ್ ಕುಳಿಗಳು ಒಂದೇ ದಿನ ಬಿದ್ದ ಜೋಡಿಯಿಂದಾದವು, ದೊಡ್ಡ ಕಲ್ಲಿನ ಜೊತೆ ಒಂದು ಸಣ್ಣ ಕಲ್ಲು ಸುತ್ತುತ್ತ ಬಂದಿತ್ತು ಎಂದು ಬಹುಕಾಲದಿಂದ ಹೇಳಿಕೊಂಡು ಬಂದಿದ್ದಾರೆ. 2020ರಲ್ಲಿ ಕೆಲವು ಸಂಶೋಧಕರು ಇಲ್ಲ, ಸ್ಟೈನ್‌ಹೈಮಿನದು ಸುಮಾರು ಐದು ಲಕ್ಷ ವರ್ಷ ತಡವಾಗಿ ಬಂತು ಎಂದು ವಾದ ಹೂಡಿದರು. ನನಗೆ ಜೋಡಿಯೇ ಇಷ್ಟ. ಒಂದೇ ತಾಲ್ಲೂಕಿನಷ್ಟು ಜಾಗಕ್ಕೆ ಆಕಾಶ ಎರಡು ಸಲ ಬೇರೆಬೇರೆಯಾಗಿ ಗುರಿಯಿಡುತ್ತದೆಯೇ? "ಐದು ಲಕ್ಷ ವರ್ಷ ಟೈಮ್ ಇದ್ರೆ ಏನು ಬೇಕಾದ್ರೂ ಆಗುತ್ತೆ ದೊಡ್ಡಮ್ಮ," ಎಂಬುದು ಅವನ ಪಕ್ಷ. ಹಾಗಾದರೆ ಎರಡನೆಯ ಕಲ್ಲು ಬಿದ್ದಾಗ ರೀಸ್ ಸರೋವರದ ಬಸವನಹುಳುಗಳಿಗೆ ಸದ್ದು ಕೇಳಿಸಿರಬೇಕಲ್ಲ ಎಂದೆ. ಹುಳುಗಳಿಗೆ ಕಿವಿ ಇಲ್ಲ ಎಂದ. ಹೈಡನ್‌ಹೈಮ್ ಬಂತು, ಮ್ಯೂನಿಕ್ ಕಡೆಯ ರೈಲು ತಡವಾಗಿದೆ ಎಂದು ಫಲಕದಲ್ಲಿ ಮೂಡಿತು, ವಾದ ಮುಂದುವರಿಸಲು ಸಾಕಷ್ಟು ಸಮಯ ಸಿಕ್ಕಿತು.